ಮುದಿ ಹೇಂಟೆ ಮಂಕಾದರೆ ಹುಳುವೇ ಕಾರಣವೇ?

ಹಿತ್ತಲ ಹೇಂಟೆ ರೆಕ್ಕೆ ಇಳಿಬಿಟ್ಟು ಮೂಲೆ ಹಿಡಿದರೆ ಸಾಕು, 'ಹೊಟ್ಟೇಲಿ ಹುಳ ಆಗಿರಬೇಕು' ಅನ್ನುತ್ತಾರೆ. ಅಂಗಡಿಯಿಂದ ಜಂತಿನ ಔಷಧಿ ಬರುತ್ತದೆ, ಕೊಕ್ಕು ಬಿಡಿಸಿ ಹುಯ್ದದ್ದೂ ಆಗುತ್ತದೆ. ಮರಿಯಾಗಿದ್ದರೆ ಈ ಊಹೆ ನಿಜವಿರಬಹುದು. ಆದರೆ ಸಣ್ಣ ಕರುಳಲ್ಲಿ ಬಾಳುವ ದೊಡ್ಡ ದುಂಡುಹುಳು ಅಸ್ಕರಿಡಿಯಾ ಗ್ಯಾಲಿಯನ್ನು ತಡೆಯುವ ಶಕ್ತಿ ಮೂರು ತಿಂಗಳು ದಾಟಿದ ಕೋಳಿಗೆ ಸಾಕಷ್ಟು ಬಂದಿರುತ್ತದೆ. ಹಾಗಾಗಿ ಮೂರು ನಾಲ್ಕು ವರ್ಷದ ಹೇಂಟೆ ಸೊರಗಿದರೆ ಬೇರೆ ಕಡೆಯೂ ನೋಡಬೇಕು.

ಕೋಳಿಯನ್ನು ಎತ್ತಿಕೊಂಡು ಎದೆಮೂಳೆ ಸವರಿ. ಎರಡೂ ಬದಿಯ ಮಾಂಸ ಕರಗಿ ಮೂಳೆ ಚೂಪಾಗಿ ಹತ್ತಿದರೆ ಕಾಯಿಲೆ ಇಂದು ನಿನ್ನೆಯದಲ್ಲ. ಮೈ ಬಡಕಲಾಗಿ ಹೊಟ್ಟೆ ಮಾತ್ರ ಊದಿ ನೀರು ತುಂಬಿಕೊಂಡಿದ್ದರೆ ಅಂಡಾಶಯದ ಮೇಲೆ ಅನುಮಾನ. ಹಳದಿ ಭಂಡಾರ ಅಂಡನಾಳಕ್ಕೆ ಇಳಿಯದೆ ಹೊಟ್ಟೆಯೊಳಗೆ ಬಿದ್ದು ಸೋಂಕು ಹತ್ತುವುದುಂಟು, ಗಡ್ಡೆಯೂ ಇರಬಹುದು. ವಯಸ್ಸಾದ ಹೇಂಟೆಗಳಿಗೆ ಅಂಡಾಶಯದ ಕ್ಯಾನ್ಸರ್ ತಾನಾಗಿಯೇ ಬರುತ್ತದೆ. ಹೆಂಗಸರ ಅದೇ ಕಾಯಿಲೆಯನ್ನು ಅರಿಯಲು ವಿಜ್ಞಾನಿಗಳು ಕೋಳಿಗಳನ್ನು ಸಾಕಿ ನೋಡುವುದು ಇದೇ ಕಾರಣಕ್ಕೆ. ಇದಕ್ಕೆಲ್ಲ ಜಂತಿನ ಔಷಧಿ ಏನು ಮಾಡೀತು?

ಬಾಲ ತಗ್ಗಿಸಿ ತಿಣುಕುತ್ತಿದ್ದರೆ ಮೊಟ್ಟೆ ಸಿಕ್ಕಿಕೊಂಡಿರಬಹುದು. ಹಿಂಭಾಗ ಮುಳುಗುವಂತೆ ಉಗುರುಬೆಚ್ಚಗಿನ ನೀರಲ್ಲಿ ಕಾಲು ಗಂಟೆ ಕೂರಿಸಿ. ಒತ್ತಿ ತೆಗೆಯಲು ಹೋಗಬೇಡಿ, ಒಳಗೇ ಒಡೆದರೆ ಜೀವಕ್ಕೇ ಕುತ್ತು. ಒಂದರ ಹಿಂದೊಂದು ಕೋಳಿ ಹಸಿರು ಹಿಕ್ಕೆ ಹಾಕಿ ಕತ್ತು ತಿರುಚತೊಡಗಿದರೆ ಅದು ಕೊಕ್ಕರೆ ರೋಗವಿರಬಹುದು. ಅದಕ್ಕೆ ಮದ್ದಿಲ್ಲ, ಮುಂಚೆಯೇ ಹಾಕಿಸುವ ಲಸಿಕೆಯೊಂದೇ ದಾರಿ. ಕಾರಣ ಯಾವುದೇ ಇರಲಿ, ಕಾಯಿಲೆ ಕೋಳಿಯನ್ನು ಬೇರೆ ಮಾಡಿ ಬೆಚ್ಚಗಿಡಿ. ನೀರು, ತೆಳ್ಳಗಿನ ರಾಗಿ ಗಂಜಿ ಕೊಕ್ಕಿಗೆ ಸಿಗುವಂತಿರಲಿ.

ಹಾಗೆಂದು ಹುಳುವನ್ನು ಮರೆಯುವಂತಿಲ್ಲ. ತನಗೇನೂ ಆಗದ ಮುದಿ ಹೇಂಟೆಯೇ ಮರಿಗಳಿಗೆ ಹುಳು ಹಂಚುತ್ತಿರುತ್ತದೆ. ಹಿಕ್ಕೆಯಲ್ಲಿ ಬಿದ್ದ ಹುಳುವಿನ ಮೊಟ್ಟೆ ಕೂಡಲೇ ಅಂಟುವುದಿಲ್ಲ. ಒದ್ದೆ, ಬೆಚ್ಚನೆಯ ಮಣ್ಣಲ್ಲಿ ಎರಡು ವಾರದಷ್ಟು ಮಾಗಬೇಕು. ಆಮೇಲೆ ತಿಂಗಳುಗಟ್ಟಲೆ ಕಾದು ಕೂರುತ್ತದೆ. ಸುಣ್ಣ, ಫಿನಾಯಿಲ್‌ಗೆ ಅದು ಅಷ್ಟಾಗಿ ಜಗ್ಗುವುದಿಲ್ಲ, ಒಣ ಬಿಸಿಲಿಗೆ ಜಗ್ಗುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಗೂಡಿನ ಕೆಳಗೆ, ನೀರಿನ ಬೋಗುಣಿಯ ಸುತ್ತ ಕೆಸರಾಗುವ ಜಾಗವೇ ಅದರ ಮನೆ. ಬೋಗುಣಿಯ ಜಾಗ ಬದಲಿಸುತ್ತಿರಿ, ಹಿಕ್ಕೆಯನ್ನು ಆಗಾಗ ಗುಡಿಸಿ ದೂರದ ತಿಪ್ಪೆಗೆ ಹಾಕಿ, ಮರಿಗಳನ್ನು ಹೊಸ ನೆಲದಲ್ಲಿ ಬಿಡಿ. ಲಾಡಿಹುಳುವಿನ ದಾರಿ ಬೇರೆ, ಅದು ಬರುವುದು ಇರುವೆ, ಜೀರುಂಡೆ, ನೊಣ ತಿಂದಾಗ. ಕೆದಕುವ ಕೋಳಿಯನ್ನು ಅದರಿಂದ ಪೂರ್ತಿ ಕಾಯಲಾಗದು.

ಔಷಧಿಗಳೂ ಒಂದೇ ಅಲ್ಲ. ಪೈಪರಜಿನ್ ಬೆಳೆದ ದುಂಡುಹುಳುವನ್ನು ಹೊರದೂಡುತ್ತದೆ, ಲಾಡಿಹುಳುವಿಗೆ ಅದು ಲೆಕ್ಕಕ್ಕಿಲ್ಲ. ಫೆನ್‌ಬೆಂಡಜೋಲ್ ಇನ್ನೂ ಹೆಚ್ಚು ಬಗೆಯ ಹುಳುಗಳ ಮೇಲೆ ನಡೆಯುತ್ತದೆ. ಬೆಳ್ಳುಳ್ಳಿ ಕೊಡುವವರು ಕೊಡಲಿ, ಅದನ್ನೇ ನಂಬಿ ಕೂರಬಾರದು. ಎಷ್ಟು ಕೊಡಬೇಕು, ಕೊಟ್ಟ ಮೇಲೆ ಎಷ್ಟು ದಿನ ಮೊಟ್ಟೆ ತಿನ್ನಬಾರದು ಎಂಬುದನ್ನು ಪಶುವೈದ್ಯರಲ್ಲಿ ಕೇಳಿ. ಹೋಗುವಾಗ ಅಂದಿನ ತಾಜಾ ಹಿಕ್ಕೆಯನ್ನು ಒಂದು ಡಬ್ಬಿಯಲ್ಲಿ ಒಯ್ಯಿರಿ. ಸೂಕ್ಷ್ಮದರ್ಶಕದಲ್ಲಿ ಮೊಟ್ಟೆ ಕಂಡರೆ ಯಾವ ಹುಳು ಎಂಬುದು ಅಲ್ಲೇ ತಿಳಿಯುತ್ತದೆ.