ಕುರಿಗಳ ಪಾಠ

ನಾವು ಫರಸಿಯೆಂದು ಕರೆಯುವ ಶಹಾಬಾದಿನ ಹಾಸುಗಲ್ಲು ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿಯ ಕಡೆ ಎಷ್ಟೋ ಮನೆಗಳ ನೆಲ. ನಮ್ಮ ಪಡಸಾಲೆಗೂ ಅದೇ ಕಲ್ಲು; ನಾನು ಹುಲಿ-ಕುರಿಯಾಟ ಕಲಿತದ್ದು ಅದರ ಮೇಲೆಯೇ. ಬಳಪದಿಂದ ಮುಕ್ಕೋನವನ್ನೆಳೆದು ಅಡ್ಡಗೆರೆಗಳನ್ನು ಹಾಯಿಸಿದರೆ 23 ನೆಲೆಗಳು. 3 ಹರಳು ಹುಲಿ, 15 ಹುಣಸೆಬೀಜ ಕುರಿ.

ಹುಲಿಯಾಗಲು ಯಾವ ಹುಡುಗನಿಗೆ ಆಸೆಯಿಲ್ಲ? ಆದರೆ ಗಣಿಯಲ್ಲಿ ಕಲ್ಲು ಸೀಳಿ ಬದುಕಿದ ನಮ್ಮಜ್ಜ ನನ್ನ ಕೈಗೆ ಕುರಿಗಳನ್ನೇ ಇಟ್ಟರು. ಚದುರಂಗದಲ್ಲಿ ಎರಡು ಪಡೆಗಳೂ ಸಮಬಲದವು, ಇಲ್ಲಿ ಹಾಗಲ್ಲ. ಕುರಿಗೆ ಕೊಲ್ಲುವ ಹಕ್ಕಿಲ್ಲ. ಅದರಾಚೆಯ ನೆಲೆ ಬರಿದಾಗಿದ್ದರೆ ಹುಲಿ ನೆಗೆದು ತಿನ್ನುತ್ತದೆ; ಅಲ್ಲಿ ಇನ್ನೊಂದು ಕುರಿ ನಿಂತಿದ್ದರೆ ನೆಗೆಯಲಾರದು. ಮೂರು ಹುಲಿಗಳೂ ಕದಲದಂತಾದರೆ ಗೆಲುವು ಕುರಿಗಳದು.

ಇಷ್ಟು ತಿಳಿಯಲು ನನಗೊಂದು ಬೇಸಗೆಯೇ ಹಿಡಿಯಿತು. ವೀರಾವೇಶದಿಂದ ಒಂಟಿಕುರಿಯನ್ನು ಹುಲಿಯ ಮುಂದಿಡುತ್ತಿದ್ದೆ. ಅಜ್ಜ ಮಾತಿಲ್ಲದೆ ಅದನ್ನೆತ್ತಿ ಪಕ್ಕಕ್ಕಿಡುತ್ತಿದ್ದರು. ಒಂದು ದಿನ ಮಾತ್ರ, “ಫರಸೀನ ಒಬ್ಬನೇ ಎತ್ತತಾನೇನೋ ತಮ್ಮಾ?” ಎಂದರು. ಅಂದಿನಿಂದ ಅಂಚಿನ ನೆಲೆಗಳನ್ನು ಮೊದಲು ತುಂಬಿ, ಒಂದರ ಹಿಂದೊಂದು ಕುರಿ ನಿಲ್ಲಿಸುತ್ತ ಮುಂದೊತ್ತಿದೆ. ರಜೆ ಮುಗಿಯುವ ಮುನ್ನಾದಿನ, ಎರಡು ಕುರಿ ಕಳೆದುಕೊಂಡರೂ ಮೂರು ಹುಲಿಗಳನ್ನೂ ಕಟ್ಟಿಹಾಕಿದೆ. ಅಜ್ಜ ಬಹಳ ಹೊತ್ತು ಗೆರೆಗಳನ್ನು ದಿಟ್ಟಿಸಿ ನಕ್ಕರು.

ಹಂಪಿಯ ಕಲ್ಲುಗಳಲ್ಲಿ ಆಟದ ಮನೆಗಳನ್ನು ಕೊರೆದಿಟ್ಟಿದ್ದಾರೆ. ನಮ್ಮದು ಬಳಪದ ಮನೆ, ಬೆಳಗ್ಗೆ ಅಜ್ಜಿ ನೆಲ ಒರೆಸಿದೊಡನೆ ಅಳಿಯುತ್ತಿತ್ತು. ದಿನವೂ ಹೊಸದಾಗಿ ಎಳೆಯಬೇಕಾಗಿದ್ದುದರಿಂದಲೇ ಇರಬೇಕು, ಅಜ್ಜನಿಲ್ಲದ ಇಂದಿಗೂ ಆ ಗೆರೆಗಳನ್ನು ಕಣ್ಣು ಮುಚ್ಚಿ ಎಳೆಯಬಲ್ಲೆ.