ಅರೆಬೆಂದ ಅನ್ನ, ಅರೆಬೆಂದ ಮಾತು

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯ ಮನೆಗಳಲ್ಲಿ ದಿನಕ್ಕೊಮ್ಮೆಯಾದರೂ ಅಡುಗೆಮನೆಯಿಂದ ಕೇಳಿಬರುವ ಕರೆಯೊಂದಿದೆ: "ಅನ್ನ ಬೆಂದಿತ್ತಾ ಕಾಣ್!" ಜಗಲಿಯಲ್ಲಿ ಓದುತ್ತ ಕುಳಿತ ಮಗನೋ ಮಗಳೋ ಪುಸ್ತಕ ಮಗುಚಿಟ್ಟು ಏಳಬೇಕು. ಕುದಿಯುವ ಪಾತ್ರೆಗೆ ಸೌಟು ಹಾಕಿ ನಾಲ್ಕು ಅಗುಳು ತೆಗೆದು, ಊದಿ, ಬೆರಳ ನಡುವೆ ಹಿಚುಕಿ ನೋಡಬೇಕು. ಮೇಲೆ ಮೆತ್ತಗಾಗಿ ನಡುವೆ ಚುಕ್ಕೆಯಂತೆ ಗಟ್ಟಿ ಉಳಿದಿದ್ದರೆ "ಇನ್ನೂ ಬೆಂದಿಲ್ಲೆ" ಎಂದು ಕೂಗಿ ಹೇಳಬೇಕು. ಅಲ್ಲಿಗೆ ಒಲೆಗೆ ಇನ್ನೊಂದು ಸೌದೆ. ಗ್ಯಾಸ್ ಇದ್ದ ಮನೆಯಲ್ಲಿ ಇನ್ನೊಂದು ಹತ್ತು ನಿಮಿಷ.

ಅನ್ನಕ್ಕೆ ಕೇಳುವ ಈ ಪ್ರಶ್ನೆಯನ್ನು ಪುಸ್ತಕಕ್ಕೆ ಮರಳಿದ ಅದೇ ಮಕ್ಕಳು ತಮ್ಮ ಓದಿಗೂ ಕೇಳಿಕೊಂಡರೆ ಹೇಗೆ?

ಕೊರಿಯಾ ದೇಶದವರ ಭಾಷೆಯಲ್ಲಿ ಈ ಎರಡಕ್ಕೂ ಒಂದೇ ಪದವಿದೆ. ಅದು 'ಸೊಲ್ಲಿಕ್ತಾ'. 'ಇಕ್ತಾ' ಎಂದರೆ ಬೇಯುವುದು, ಹಣ್ಣಾಗುವುದು, ಹದಕ್ಕೆ ಬರುವುದು. ಅದರ ಹಿಂದೆ ಸೇರುವ 'ಸೊಲ್' ಎಂಬ ತುಣುಕಿಗೆ 'ಸಾಲದಷ್ಟು' ಎಂಬ ಅರ್ಥ. ನಡುವೆ ಗಟ್ಟಿ ಉಳಿದ ಅನ್ನಕ್ಕೂ, ಪೂರ್ತಿ ಹಣ್ಣಾಗದ ಕಾಯಿಗೂ, ಯೋಚಿಸಿ ಮುಗಿಸದೆ ಹೊರಬಿಟ್ಟ ಮಾತಿಗೂ, ಅವಸರದಲ್ಲಿ ಸಿದ್ಧವಾದ ಸರ್ಕಾರಿ ಯೋಜನೆಗೂ ಅವರು ಬಳಸುವುದು ಇದೇ ಪದವನ್ನು. ನಮ್ಮಂತೆ ಅವರೂ ಅನ್ನ ಉಣ್ಣುವ ಜನ. ಅವರ ಮಾತಿನಲ್ಲಿ 'ಬಾಪ್' ಎಂದರೆ ಅನ್ನವೂ ಹೌದು, ಊಟವೂ ಹೌದು. ಬುದ್ಧಿಯ ಹದವನ್ನು ಅಳೆಯುವುದಕ್ಕೂ ಅವರಿಗೆ ಅನ್ನದ ಪಾತ್ರೆಯೇ ನೆನಪಾಗಿದ್ದರೆ ಆಶ್ಚರ್ಯವಿಲ್ಲ.

ನಮ್ಮಲ್ಲೂ ಉಂಟು

ಕನ್ನಡಕ್ಕೆ ಈ ಪದವನ್ನು ಸಾಲ ತರಬೇಕಾದ ಅಗತ್ಯವಿಲ್ಲ. 'ಅರೆಬೆಂದ ಅನ್ನ' ಎನ್ನುವ ಬಾಯಲ್ಲೇ ನಾವು 'ಅರೆಬೆಂದ ವಿಚಾರ' ಎನ್ನುತ್ತೇವೆ. ಪ್ರಾಯ ಬಂದರೂ ತಿಳಿವಳಿಕೆ ಬಾರದವನನ್ನು 'ಎಳಸು' ಎನ್ನುತ್ತೇವೆ. ಕಾಯಿಗೂ ಬುದ್ಧಿಗೂ 'ಬಲಿತಿದೆ' ಎಂಬ ಒಂದೇ ಕ್ರಿಯಾಪದ. ಬಯಲಾಗಲು ಹೆಚ್ಚು ಹೊತ್ತು ಹಿಡಿಯದ ಸುಳ್ಳು 'ಹಸಿ ಸುಳ್ಳು'. ವಿಷಯವನ್ನು ಚೆನ್ನಾಗಿ ಬಲ್ಲವನು ಅದನ್ನು 'ಅರೆದು ಕುಡಿದಿದ್ದಾನೆ'. ಅರೆದು ಕುಡಿಯುವುದು ಬೇರೆ, ಅರೆಬೆಂದದ್ದನ್ನು ನುಂಗುವುದು ಬೇರೆ ಎಂಬುದನ್ನು ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಬೇಕಿಲ್ಲ.

ಸಂಸ್ಕೃತದಿಂದ ಬಂದ 'ಪಕ್ವ' ಎಂಬ ಮಾತಂತೂ ಕೊರಿಯದ ಪದಕ್ಕೆ ನೇರ ಜೋಡಿ. ಬೆಂದದ್ದೂ ಪಕ್ವ, ಹಣ್ಣಾದದ್ದೂ ಪಕ್ವ, ಅನುಭವದಿಂದ ಮಾಗಿದ ಮನಸ್ಸು ಪರಿಪಕ್ವ. ಇದರ ಮೂಲ 'ಪಚ್', ಅಂದರೆ ಬೇಯಿಸು. 'ಪಾಕ' ಬಂದದ್ದು ಅಲ್ಲಿಂದಲೇ. ಇಂಗ್ಲಿಷಿನ 'ಕುಕ್' ಎಂಬ ಪದವೂ ಲ್ಯಾಟಿನ್ ಭಾಷೆಯ ಮೂಲಕ ಇದೇ ಕುಟುಂಬಕ್ಕೆ ಸೇರಿದ ದೂರದ ದಾಯಾದಿ. ಚಿಕ್ಕ ಪ್ರಾಯದಲ್ಲೇ ದೊಡ್ಡವರಂತೆ ಮಾತನಾಡುವ ಮಗುವನ್ನು ಇಂಗ್ಲಿಷಿನಲ್ಲಿ 'ಪ್ರಿಕೋಷಸ್' ಎಂದು ಹೊಗಳುವುದುಂಟು. ಆ ಪದದ ಬೇರನ್ನು ಅಗೆದರೆ ಸಿಗುವ ಅರ್ಥ 'ಹೊತ್ತಿಗೆ ಮುಂಚೆ ಬೆಂದದ್ದು'. ಮಕ್ಕಳನ್ನು ಬೇಗ ಬೇಗ ಬೆಳೆಸಲು ಹೊರಟ ಹೆತ್ತವರು ಈ ಬೇರನ್ನೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಎರಡು ಸಲ ಬೇಯುವ ಅಕ್ಕಿ

ಅರೆಬೆಂದದ್ದೆಲ್ಲ ಕೆಟ್ಟದ್ದೆಂದು ಮಾತ್ರ ತಿಳಿಯಬಾರದು. ಅದಕ್ಕೆ ಸಾಕ್ಷಿ ಕರಾವಳಿಯ ಕುಚ್ಚಲಕ್ಕಿ.

ಬೆಳ್ತಿಗೆ ಅಕ್ಕಿ ಒಂದೇ ಸಲ ಬೇಯುತ್ತದೆ, ಅದೂ ಪಾತ್ರೆಯಲ್ಲಿ. ಕುಚ್ಚಲಕ್ಕಿಯ ಹಣೆಬರಹ ಬೇರೆ. ಅದು ಭತ್ತವಾಗಿರುವಾಗಲೇ, ಸಿಪ್ಪೆಯೊಳಗಿದ್ದಾಗಲೇ ಒಮ್ಮೆ ಬೇಯಬೇಕು. ಭತ್ತವನ್ನು ನೀರಲ್ಲಿ ನೆನೆಸಿ, ಕುದಿಸಿ ಅಥವಾ ಹಬೆಯಲ್ಲಿ ಬೇಯಿಸಿ, ಅಂಗಳದಲ್ಲಿ ಹರವಿ ಒಣಗಿಸಿ, ಆಮೇಲೆ ಮಿಲ್ಲಿಗೆ ಒಯ್ಯುವುದು ಹಿಂದೆ ಮನೆಮನೆಯ ಕೆಲಸವಾಗಿತ್ತು. ನಂತರ ಅದನ್ನು ಮಿಲ್ಲುಗಳೇ ವಹಿಸಿಕೊಂಡವು. ಈ ಮೊದಲ ಬೇಯಿಸುವಿಕೆಯಲ್ಲಿ ಕಾಳಿನೊಳಗಿನ ಪಿಷ್ಟ ಉಬ್ಬಿ ಅಂಟಿನಂತಾಗುತ್ತದೆ. ಒಳಗಿದ್ದ ಸಣ್ಣ ಸಣ್ಣ ಬಿರುಕುಗಳನ್ನು ಮುಚ್ಚುತ್ತದೆ. ಹಾಗಾಗಿ ಮಿಲ್ಲಿನ ಹೊಡೆತಕ್ಕೆ ಅಕ್ಕಿ ಅಷ್ಟಾಗಿ ನುಚ್ಚಾಗುವುದಿಲ್ಲ. ಹೊರಪದರದಲ್ಲಿರುವ ಬಿ-ಗುಂಪಿನ ಜೀವಸತ್ವಗಳ ಒಂದಷ್ಟು ಪಾಲು ನೀರಿನ ಜೊತೆ ಕಾಳಿನ ಒಳಕ್ಕಿಳಿಯುತ್ತದೆ. ತೌಡು ಹೋದರೂ ಅದೆಲ್ಲ ಕಳೆದುಹೋಗುವುದಿಲ್ಲ.

ಇಂಗ್ಲಿಷಿನಲ್ಲಿ ಇದನ್ನು 'ಪಾರ್‌ಬಾಯ್ಲ್' ಮಾಡುವುದು ಎನ್ನುತ್ತಾರೆ. ಈ ಪದದ ಕತೆಯೂ ತಮಾಷೆಯದು. ಅದರ ಲ್ಯಾಟಿನ್ ಮೂಲಕ್ಕೆ 'ಚೆನ್ನಾಗಿ ಕುದಿಸು' ಎಂಬ ಅರ್ಥವಿತ್ತು. ಮೊದಲ ಅಕ್ಷರಗಳನ್ನು 'ಪಾರ್ಟ್', ಅಂದರೆ 'ಭಾಗ' ಎಂದು ತಪ್ಪಾಗಿ ತಿಳಿದ ಜನ ಅದನ್ನು 'ಅರ್ಧ ಕುದಿಸು' ಎಂದು ಬಳಸತೊಡಗಿದರು. ಅರೆಬೆಂದ ತಿಳಿವಳಿಕೆಯಿಂದಲೇ 'ಅರೆಬೇಯಿಸು' ಎಂಬ ಪದ ಹುಟ್ಟಿತೆನ್ನಬೇಕು!

ಕೋಳಿಗಳು ಕಲಿಸಿದ ಪಾಠ

ಅಕ್ಕಿಯ ತೌಡಿಗೂ ಅರೆಬೆಂದ ವಿಚಾರಕ್ಕೂ ನಂಟಿರುವ ದೊಡ್ಡ ಪ್ರಸಂಗವೊಂದು ವಿಜ್ಞಾನದ ಇತಿಹಾಸದಲ್ಲಿದೆ. 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿ ಕ್ರಿಸ್ಟಿಯಾನ್ ಐಕ್‌ಮನ್ ಎಂಬ ಡಚ್ ವೈದ್ಯರು ಬೆರಿಬೆರಿ ಎಂಬ ರೋಗದ ಕಾರಣ ಹುಡುಕುತ್ತಿದ್ದರು. ಅದು ಕಾಲಿನ ಬಲ ಹೋಗಿ ಹೃದಯ ಸೋಲುವ ರೋಗ. ಪ್ರಯೋಗಾಲಯದ ಕೋಳಿಗಳಿಗೂ ಅಂಥದೇ ಕಾಯಿಲೆ ಬಂತು. ಕೆಲವು ತಿಂಗಳ ಮೇಲೆ ತಾನಾಗಿ ಹೋಯಿತು. ವಿಚಾರಿಸಿದಾಗ ತಿಳಿದದ್ದು ಇಷ್ಟು: ನಡುವೆ ಕೆಲಕಾಲ ಕೋಳಿಗಳಿಗೆ ಆಸ್ಪತ್ರೆಯ ಅಡುಗೆಮನೆಯ ಪಾಲಿಶ್ ಮಾಡಿದ ಬಿಳಿ ಅನ್ನ ಹಾಕಲಾಗಿತ್ತು. ಹೊಸದಾಗಿ ಬಂದ ಅಡುಗೆಯವನು ಅದನ್ನು ಕೊಡಲು ಒಪ್ಪದೆ ಹೋದ ಮೇಲೆ ಕೋಳಿಗಳು ತೌಡಿರುವ ಅಕ್ಕಿಗೆ ಮರಳಿದ್ದವು, ಗುಣವಾಗಿದ್ದವು.

ಐಕ್‌ಮನ್ ಒಂದು ವಿವರಣೆ ಕೊಟ್ಟರು. ಬಿಳಿ ಅಕ್ಕಿಯ ಪಿಷ್ಟದಲ್ಲಿ ವಿಷದಂಥದ್ದೇನೋ ಇದೆ, ತೌಡಿನಲ್ಲಿ ಅದಕ್ಕೆ ಮದ್ದಿದೆ ಎಂದು. ಕಂಡದ್ದು ನಿಜ, ಹೇಳಿದ್ದು ಅರೆಬೆಂದದ್ದು. ಅವರ ಕೆಲಸ ಮುಂದುವರಿಸಿದ ಗೆರಿಟ್ ಗ್ರೈನ್ಸ್ 1901ರಲ್ಲಿ ಅದನ್ನು ಮತ್ತೊಮ್ಮೆ ಒಲೆಗಿಟ್ಟರು. ಬಿಳಿ ಅಕ್ಕಿಯಲ್ಲಿ ವಿಷ ಇರುವುದಲ್ಲ, ಬೇಕಾದದ್ದೇನೋ ಇಲ್ಲದಿರುವುದೇ ರೋಗಕ್ಕೆ ಕಾರಣ ಎಂದರು. 1912ರಲ್ಲಿ ಕಾಸಿಮಿರ್ ಫಂಕ್ ಅಂಥ ವಸ್ತುಗಳಿಗೆ 'ವಿಟಮಿನ್' ಎಂಬ ಹೆಸರು ಕೊಟ್ಟರು. 1926ರಲ್ಲಿ ಜಾವಾದಲ್ಲೇ ಯಾನ್ಸೆನ್ ಮತ್ತು ಡೊನಾಥ್ ಎಂಬ ವಿಜ್ಞಾನಿಗಳು ತೌಡಿನಿಂದ ಆ ವಸ್ತುವನ್ನು ಹರಳಾಗಿ ಬೇರ್ಪಡಿಸಿದರು. ಅದೇ ಇಂದಿನ ಬಿ-1, ಅಂದರೆ ಥಯಾಮಿನ್. 1929ರಲ್ಲಿ ಐಕ್‌ಮನ್‌ಗೆ ನೊಬೆಲ್ ಬಹುಮಾನವೂ ಬಂತು.

ಮೊದಲ ಊಹೆಯಿಂದ ಹರಳಿನವರೆಗೆ ಮೂವತ್ತು ವರ್ಷಗಳ ದಾರಿ. ಐಕ್‌ಮನ್ ಊಹೆ ತಪ್ಪಾಗಿತ್ತು, ಆದರೆ ವ್ಯರ್ಥವಾಗಲಿಲ್ಲ. ಅದನ್ನು ಯಾರೂ ಪೂರ್ತಿ ಬೆಂದದ್ದೆಂದು ಬಡಿಸಿ ಎದ್ದುಹೋಗಲಿಲ್ಲ ಎಂಬುದೇ ಅಲ್ಲಿಯ ಗುಟ್ಟು. ಮನೆಯಲ್ಲಿ ಮಗು ಒಂದು ಅರೆಬರೆ ಯೋಚನೆ ಹೇಳಿದಾಗ "ಸುಮ್ಮನಿರು, ನಿನಗೇನು ಗೊತ್ತು" ಎಂದು ಪಾತ್ರೆಯನ್ನೇ ಇಳಿಸಿಬಿಡುವ ಹಿರಿಯರು ಇದನ್ನು ನೆನೆಯಬೇಕು. "ಹೌದಾ? ಇನ್ನೂ ಸ್ವಲ್ಪ ಯೋಚನೆ ಮಾಡು" ಎಂದರೆ ಅದು ಒಲೆಗೆ ಸೌದೆ ಇಟ್ಟಂತೆ.

ಗಂಟಲು ಹೇಳುವ ಸತ್ಯ

ಹಾಗೆಂದು ಬೇಯದ್ದನ್ನು ಬಡಿಸಿದರೆ ಏನಾಗುತ್ತದೆ ಎಂಬುದನ್ನು ಪತ್ರೊಡೆ ಹೇಳುತ್ತದೆ. ಮಳೆಗಾಲದಲ್ಲಿ ಕೆಸುವಿನ ಎಲೆಗೆ ಮಸಾಲೆ ಹಿಟ್ಟು ಸವರಿ, ಸುರುಳಿ ಸುತ್ತಿ, ಹಬೆಯಲ್ಲಿ ಬೇಯಿಸುವ ಈ ತಿಂಡಿಗೆ ಅವಸರ ಆಗದು. ಕೆಸುವಿನ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ. ಹುಳಿ ಸೇರಿಸಿ, ಹೊತ್ತು ಕೊಟ್ಟು ಬೇಯಿಸಿದರೆ ಅದರ ಉಪದ್ರವ ತಗ್ಗುತ್ತದೆ. ಅರೆಬೆಂದರೆ ಉಂಡವರ ಗಂಟಲು ತುರಿಸುತ್ತದೆ. ನೋಡಲು ಬೆಂದದ್ದಕ್ಕೂ ಬೇಯದ್ದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಮೊದಲ ತುತ್ತು ರುಚಿಯಾಗಿಯೇ ಇರುತ್ತದೆ. ತೊಂದರೆ ತಿಳಿಯುವುದು ನುಂಗುವಾಗ.

ಅರ್ಥವಾಗದೆ ಉರು ಹೊಡೆದ ಪಾಠವೂ ಹೀಗೆಯೇ. ಪರೀಕ್ಷೆಯಲ್ಲಿ ಅದು ಬೆಂದ ಪಾಠದಷ್ಟೇ ಚೆನ್ನಾಗಿ ಕಾಣಬಹುದು. ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶದ ಜಿಲ್ಲಾವಾರು ಪಟ್ಟಿಯಲ್ಲಿ ಮೇಲಿನ ಸಾಲಿನಲ್ಲಿ ಕಾಣುವುದು ಉಡುಪಿ ಜಿಲ್ಲೆಗೆ ಹೊಸತಲ್ಲ. ಅಂಕಗಳ ಬಗ್ಗೆ ಇಲ್ಲಿಯ ಮಕ್ಕಳಿಗೆ ಯಾರೂ ಪಾಠ ಹೇಳಬೇಕಿಲ್ಲ. ಪ್ರಶ್ನೆ ಇರುವುದು ಮುಂದಿನ ವರ್ಷದ್ದು. ಮುಂದಿನ ತರಗತಿಯ ಲೆಕ್ಕ ಹಿಂದಿನ ತರಗತಿಯ ಲೆಕ್ಕದ ಮೇಲೆ ನಿಂತಿರುತ್ತದೆ. ಗಂಟಲು ತುರಿಸತೊಡಗುವುದು ಆಗ.

ಕೋಡಂಗಿಯಿಂದ ದೊಡ್ಡ ವೇಷಕ್ಕೆ

ಈ ಮಣ್ಣಿನಲ್ಲಿ ಬೇಯುವುದಕ್ಕೆ ಹೊತ್ತು ಕೊಡುವ ಪಾಠಶಾಲೆಯೊಂದು ಹಿಂದಿನಿಂದಲೂ ಇತ್ತು. ಅದೇ ಯಕ್ಷಗಾನದ ಮೇಳ. ಸಂಪ್ರದಾಯದಂತೆ ಮೇಳ ಸೇರಿದ ಹುಡುಗ ಮೊದಲ ದಿನವೇ ಕಿರೀಟ ಕಟ್ಟುವಂತಿರಲಿಲ್ಲ. ಪೂರ್ವರಂಗದಲ್ಲಿ ಕೋಡಂಗಿಯಾಗಿ ಕುಣಿದು, ಬಾಲಗೋಪಾಲನಾಗಿ ತಾಳ ಹಿಡಿದು, ಸ್ತ್ರೀವೇಷ, ಸಣ್ಣಪುಟ್ಟ ವೇಷಗಳನ್ನು ದಾಟಿ ದೊಡ್ಡ ವೇಷಕ್ಕೆ ಬರಬೇಕು. ರಾತ್ರಿಯಿಡೀ ರಂಗದ ಹಿಂದೆ ಕುಳಿತು ಹಿರಿಯರ ಅರ್ಥಗಾರಿಕೆ ಕೇಳಬೇಕು. ಮಾತನ್ನು ರಂಗದಲ್ಲೇ ಹೆಣೆಯುವ ಕಲೆಯಿದು. ಎದುರು ವೇಷಧಾರಿ ಒಂದು ಪ್ರಶ್ನೆ ಎಸೆದರೆ ಬಾಯಿಪಾಠ ಕೈಕೊಡುತ್ತದೆ. ಬೆಂದ ವಿದ್ಯೆ ಮಾತ್ರ ಉಳಿಯುತ್ತದೆ.

ಆ ಯಕ್ಷಗಾನವನ್ನೇ ಬೆನ್ನು ಹತ್ತಿದವರು ಬ್ರಹ್ಮಾವರ ತಾಲೂಕಿನ ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು. ಅವರ 'ಯಕ್ಷಗಾನ ಬಯಲಾಟ' ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1959ರಲ್ಲಿ. ಅಷ್ಟಕ್ಕೇ ಕೆಲಸ ಮುಗಿಯಿತೆಂದು ಅವರು ಕೈ ತೊಳೆದುಕೊಳ್ಳಲಿಲ್ಲ; ರಂಗದ ಮೇಲಿನ ಪ್ರಯೋಗಗಳನ್ನು ಮುಂದುವರಿಸಿದರು. ಬೈಂದೂರು ಕಡೆಯ ಮೊಗೇರಿಯಲ್ಲಿ 1918ರಲ್ಲಿ ಹುಟ್ಟಿದ ಗೋಪಾಲಕೃಷ್ಣ ಅಡಿಗರ ಮೊದಲ ಕವನ ಸಂಕಲನ 'ಭಾವತರಂಗ' 1946ರಲ್ಲಿ ಬಂತು. ಅದು ಆಗ ಎಲ್ಲರೂ ನಡೆಯುತ್ತಿದ್ದ ನವೋದಯದ ದಾರಿಯಲ್ಲಿತ್ತು. ಕನ್ನಡ ಕಾವ್ಯದ ದಿಕ್ಕು ಬದಲಿಸಿದ 'ಚಂಡೆ ಮದ್ದಳೆ' ಬಂದದ್ದು 1954ರಲ್ಲಿ. ತಮ್ಮದೇ ದನಿ ಹದಕ್ಕೆ ಬರಲು ಅಡಿಗರಂಥವರಿಗೂ ಎಂಟು ವರ್ಷ ಬೇಕಾಯಿತು. ಎಂಟು ತಿಂಗಳ ಕೋಚಿಂಗಿನಲ್ಲಿ ಮಗ ಏನಾದರೂ ಆಗಿಬಿಡಬೇಕೆಂದು ಬಯಸುವ ಮನೆಗಳಿಗೆ ಈ ಲೆಕ್ಕ ಸಮಾಧಾನ ಕೊಡಬೇಕು.

ಮುಚ್ಚಿಟ್ಟ ಪಾತ್ರೆ

ಕೊರಿಯದವರ ಅಡುಗೆಮನೆಯಲ್ಲಿ ಇನ್ನೊಂದು ಮಾತಿದೆ: 'ತುಮ್'. ಅನ್ನ ಬೆಂದ ಮೇಲೆ ಉರಿ ಆರಿಸಿ, ಮುಚ್ಚಳ ತೆಗೆಯದೆ, ಒಳಗಿನ ಹಬೆಯಲ್ಲೇ ಕೆಲಹೊತ್ತು ಬಿಡುವುದು. ಮಾತಾಡುವ ಮುನ್ನ ತಡೆದು ನಿಲ್ಲುವವರನ್ನು 'ತುಮ್ ಹಾಕುತ್ತಿದ್ದಾರೆ' ಎನ್ನುತ್ತಾರೆ. ನಮ್ಮ ಅಜ್ಜಿಯಂದಿರೂ ಕುಚ್ಚಲಕ್ಕಿಯನ್ನು ಒಂದು ಕುದಿ ಬರಿಸಿ, ಉರಿ ಹಿಂದಕ್ಕೆಳೆದು, ಮುಚ್ಚಿಟ್ಟು ಬೇರೆ ಕೆಲಸಕ್ಕೆ ಹೋಗುತ್ತಿದ್ದರು. ಮರಳಿ ಬಂದು ಇನ್ನೊಂದು ಕುದಿ ಕೊಟ್ಟು ಗಂಜಿ ಬಸಿದರೆ ಅನ್ನ ತಯಾರು. ಸೌದೆಯೂ ಉಳಿತಾಯ.

ಮನಸ್ಸೂ ಹೀಗೆ ಕೆಲಸ ಮಾಡುತ್ತದೆ ಎಂಬುದನ್ನು ಬಲ್ಲವರು ಹೇಳಿದ್ದಾರೆ. ಒಮ್ಮೆಲೇ ಓದುವುದಕ್ಕಿಂತ ದಿನ ಬಿಟ್ಟು ದಿನ ಹಂಚಿ ಓದಿದ್ದು ಹೆಚ್ಚು ನೆನಪಿರುತ್ತದೆಂದು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದ. ಹೊಸ ಯೋಚನೆ ಹೊಳೆಯುವ ಮೊದಲು ಕಾವು ಕೂರುವ ಹಂತವೊಂದಿದೆ, ಆಗ ಸಮಸ್ಯೆಯನ್ನು ಬದಿಗಿಟ್ಟರೂ ಅದು ಒಳಗೊಳಗೇ ಬೇಯುತ್ತಿರುತ್ತದೆ ಎಂದು ಇಂಗ್ಲೆಂಡಿನ ಗ್ರಹಾಂ ವಾಲಸ್ 1926ರಲ್ಲಿ ಬರೆದ. ಸಂಜೆ ಆಡಲು ಹೋಗುವ ಮಗು ಓದು ಬಿಟ್ಟು ಹೋಗುತ್ತಿದೆ ಎಂದು ಗದರುವ ಮೊದಲು ಮುಚ್ಚಿಟ್ಟ ಪಾತ್ರೆಯನ್ನು ನೆನೆಸಿಕೊಳ್ಳಬಹುದು. ಹಾಗೆಂದು ಒಂದು ಕುದಿಯನ್ನೂ ಬರಿಸದೆ ಮುಚ್ಚಿಟ್ಟರೆ ಅನ್ನವಾಗದು ಎಂಬುದು ವಿದ್ಯಾರ್ಥಿಗಳ ನೆನಪಿಗೆ!

ಒಂದು ಅಗುಳಿನ ಪರೀಕ್ಷೆ

ಬೆಂದಿತೇ ಎಂದು ತಿಳಿಯಲು ವಿದ್ಯಾರ್ಥಿಗೆ ಸುಲಭದ ದಾರಿಯಿದೆ. ಓದಿದ ಪಾಠದ ಒಂದು ತುಣುಕನ್ನು ತಮ್ಮನಿಗೋ ತಂಗಿಗೋ ಪುಸ್ತಕ ಮುಚ್ಚಿಟ್ಟು, ತನ್ನದೇ ಮಾತಿನಲ್ಲಿ, ಸಾಧ್ಯವಾದರೆ ಮನೆಯ ಕುಂದಗನ್ನಡದಲ್ಲೇ ಹೇಳಿ ನೋಡುವುದು. ಮಾತು ಎಲ್ಲಿ ತಡವರಿಸಿ ಪುಸ್ತಕದ ಶಬ್ದಕ್ಕೆ ಜೋತುಬೀಳುತ್ತದೋ ಅಲ್ಲಿ ಅಗುಳಿನ ನಡುವೆ ಗಟ್ಟಿ ಉಳಿದಿದೆ ಎಂದರ್ಥ. ನಾಚಿಕೆಯ ಮಾತೇನಲ್ಲ, ಇನ್ನೊಂದು ಸೌದೆ ಇಟ್ಟರಾಯಿತು.

ಹೆತ್ತವರಿಗೂ ಒಂದು ಮಾತು. ಅನ್ನ ಬೆಂದಿತೇ ಎಂದು ನೋಡಲು ಒಂದಗುಳು ಸಾಕು ಎನ್ನುತ್ತಾರೆ. ಪಾತ್ರೆಯಲ್ಲಿರುವುದು ಒಂದೇ ಅಕ್ಕಿ, ಉರಿಯೂ ಒಂದೇ ಆದಾಗ ಅದು ಸರಿ. ಮಕ್ಕಳು ಹಾಗಲ್ಲ. ಒಂದು ಪರೀಕ್ಷೆಯ ಅಂಕ ಎಂಬ ಒಂದಗುಳನ್ನು ಹಿಚುಕಿ ಇಡೀ ಮಗುವನ್ನು ಬೆಂದಿದೆ, ಬೇಯಲಿಲ್ಲ ಎಂದು ತೀರ್ಮಾನಿಸುವಂತಿಲ್ಲ. ಗಣಿತ ಇನ್ನೂ ಹಸಿಯಿರುವಾಗ ಚಿತ್ರಕಲೆ ಮಾಗಿರಬಹುದು; ಒಬ್ಬನದು ಬೆಳ್ತಿಗೆ, ಇನ್ನೊಬ್ಬನದು ಕುಚ್ಚಲಕ್ಕಿ. ಕುಚ್ಚಲಕ್ಕಿ ನಿಧಾನವಾಗಿ ಬೇಯುತ್ತದೆ ಎಂದು ಕರಾವಳಿಯ ಯಾವ ತಾಯಿಯೂ ಅದನ್ನು ಬೈದು ಚೆಲ್ಲಿದ್ದಿಲ್ಲ.

ಬೇಯುವ ತನಕ ಕಾದವರು ಆರುವ ತನಕ ಕಾಯಲಾರರೇ ಎಂದು ಹಿರಿಯರು ಕೇಳುತ್ತಾರೆ. ಈಗ ಮೊದಲು ಕೇಳಬೇಕಾದದ್ದು ಬೇಯುವ ತನಕವಾದರೂ ಕಾಯುತ್ತೇವೆಯೇ ಎಂದು. ಮುಂದಿನ ಸಲ ಒಳಗಿನಿಂದ "ಬೆಂದಿತ್ತಾ ಕಾಣ್" ಎಂಬ ಕರೆ ಬಂದಾಗ ಪುಸ್ತಕ ಮಗುಚಿಟ್ಟು ಏಳುವ ಹುಡುಗ ಅಥವಾ ಹುಡುಗಿ, ಏಳುವ ಮೊದಲು ಆ ಪುಟದತ್ತಲೂ ಒಮ್ಮೆ ನೋಡಲಿ.