ಪದ ಬೇಡಿದ ಪಾದ್ರಿ

ಕೊಟ್ಟೂರಿನಿಂದ ಹಡಗಲಿ ಕಡೆ ಹೊರಟರೆ ಕಿಟಕಿ ಪಕ್ಕದ ಸೀಟು ಹಿಡಿಯಿರಿ. ಗುಡಿ ಬೀದಿಯ ಗದ್ದಲ, ಮಂಡಕ್ಕಿ ಒಗ್ಗರಣೆ, ಆಗಷ್ಟೇ ಎಣ್ಣೆಯಿಂದ ಎದ್ದ ಮಿರ್ಚಿಯ ಘಮ ಎಲ್ಲ ಹಿಂದೆ ಸರಿದ ಮೇಲೆ ಬಯಲು ತೆರೆದುಕೊಳ್ಳುತ್ತದೆ. ಒಂದಿಷ್ಟು ಕೆಮ್ಮಣ್ಣು, ಒಂದಿಷ್ಟು ಎರೆ, ಜೋಳದ ಹೊಲ, ಕುರಿಹಿಂಡಿನ ಧೂಳು. ಹಡಗಲಿ ಹತ್ತಿರವಾದಂತೆ ಮಲ್ಲಿಗೆ ತೋಟಗಳು ಕಾಣುತ್ತವೆ. ಮೊಗ್ಗು ಬಿರಿಯುವ ಮೊದಲೇ ಬಿಡಿಸಬೇಕಲ್ಲ, ನಸುಕಿಗೇ ತೋಟಕ್ಕಿಳಿದ ಹೆಣ್ಣುಮಕ್ಕಳ ಉಡಿ ಬಿಸಿಲೇರುವಷ್ಟರಲ್ಲಿ ತುಂಬಿರುತ್ತದೆ. ಕೈ ಮೊಗ್ಗಿನ ಮೇಲೆ, ಬಾಯಿ ಮಾತಿನ ಮೇಲೆ.

ಈ ಸೀಮೆಗೆ ಬಾಯಿಮಾತಿನ ಮೇಲೆ ಬಹಳ ನಂಬಿಕೆ. ಇದೇ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಒಂದೇ ಸಾಲಿನ ಕಾರಣಿಕಕ್ಕಾಗಿ ಲಕ್ಷ ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಇದೇ ತಾಲ್ಲೂಕಿನ ಉತ್ತಂಗಿ ಎಂಬ ಹಳ್ಳಿಯ ಹೆಸರು ಹೊತ್ತ ಮನುಷ್ಯನೊಬ್ಬ ಜನರ ಬಾಯಲ್ಲಿದ್ದ ಪದಗಳಿಗಾಗಿ ಊರೂರು ಅಲೆದ. ರೆವರೆಂಡ್ ಉತ್ತಂಗಿ ಚನ್ನಪ್ಪ, ಬಾಸೆಲ್ ಮಿಷನ್ನಿನ ಪಾದ್ರಿ. ಹುಟ್ಟಿದ್ದು 1881ರಲ್ಲಿ, ಧಾರವಾಡದಲ್ಲಿ. ದೇವಶಾಸ್ತ್ರ ಓದಿದ್ದು ಮಂಗಳೂರಿನ ಸೆಮಿನರಿಯಲ್ಲಿ.

ಅವರಿಗಿಂತ ಹಿಂದಿನ ತಲೆಮಾರಿನ ಪಾದ್ರಿಗಳು ಕನ್ನಡದಲ್ಲಿ ಕೀರ್ತನೆ ಬರೆದರು, ಜರ್ಮನ್ ರಾಗಕ್ಕೆ ಕನ್ನಡ ಮಾತು ಕೂಡಿಸಿ ಹಾಡಿಸಿದರು. ನಿಘಂಟಿನ ಕಿಟೆಲ್ಲರೂ ಆ ಸಾಲಿನವರೇ. 1862ರ ‘ಕಥಾಮಾಲೆ’ಯಲ್ಲಿ ಅವರು ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿಗೇ ತಂದರು. ಚನ್ನಪ್ಪನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಜನರಿಗೆ ಹಾಡು ಕಲಿಸುವುದಕ್ಕಿಂತ, ಜನರ ಹಾಡು ತಾವು ಕಲಿಯುವುದು ಅವರಿಗೆ ದೊಡ್ಡದಾಗಿ ಕಂಡಿತು.

ಆ ಕಾಲದ ಹಳ್ಳಿಯ ಬೆಳಗನ್ನು ನೆನೆಯಿರಿ. ಹೊರಗಿನ್ನೂ ಮಬ್ಬು. ಒಳಗೆ ಬೀಸುಕಲ್ಲು ಗರಗರ ತಿರುಗುತ್ತಿದೆ, ಗೂಟಕ್ಕೆ ಇಬ್ಬರ ಕೈ, ಒಬ್ಬಾಕೆ ಹಿಡಿ ಜೋಳ ಸುರಿದರೆ ಕಲ್ಲಿನ ಸದ್ದು ಭಾರವಾಗುತ್ತದೆ, ಹಿಟ್ಟು ಬಿಸಿಬಿಸಿಯಾಗಿ ಸುತ್ತಲೂ ಉದುರುತ್ತದೆ, ಆ ಸುತ್ತಿಗೆ ಸರಿಯಾಗಿ ಮೂರು ಸಾಲಿನ ಪದವೊಂದು ಏರಿ ಇಳಿಯುತ್ತದೆ. ಆ ಮೂರು ಸಾಲೇ ತ್ರಿಪದಿ. ಸರ್ವಜ್ಞ ಹಿಡಿದದ್ದೂ ಇದೇ ಮಟ್ಟನ್ನು. ಅದಕ್ಕೇ ಅವನ ಮಾತು ಓದು ಬಾರದವರ ನಾಲಿಗೆಯ ಮೇಲೂ ಉಳಿಯಿತು.

ಹಾಗೆ ಉಳಿದದ್ದನ್ನು ಒಟ್ಟುಮಾಡುವುದು ಸುಲಭದ ಕೆಲಸವಲ್ಲ. ಒಂದು ಊರಿನಲ್ಲಿ ಒಂದು ಪಾಠ, ಪಕ್ಕದೂರಿನಲ್ಲಿ ಇನ್ನೊಂದು. ಕೊನೆಯಲ್ಲಿ ‘ಸರ್ವಜ್ಞ’ ಎಂದು ಸೇರಿಸಿಬಿಟ್ಟರೆ ಯಾರ ಮಾತೂ ಅವನದಾಗಿಬಿಡುತ್ತದೆ. ಹಸ್ತಪ್ರತಿ ತಿರುವಿ, ಕೇಳಿದ್ದನ್ನು ಬರೆದುಕೊಂಡು, ಒಂದಕ್ಕೊಂದು ತಾಳೆ ನೋಡಿ, ಚೆಲ್ಲಾಪಿಲ್ಲಿಯಾದದ್ದನ್ನು ವಿಷಯವಾರು ಜೋಡಿಸಿ 1924ರಲ್ಲಿ ಅವರು ‘ಸರ್ವಜ್ಞನ ವಚನಗಳು’ ಹೊರತಂದರು. ಸುಮಾರು 2000 ತ್ರಿಪದಿಗಳು. ಇವತ್ತು ಶಾಲೆಯ ಮಕ್ಕಳು ಸರ್ವಜ್ಞನನ್ನು ಬಾಯಿಪಾಠ ಹೇಳುವುದರ ಹಿಂದೆ ಈ ಪಾದ್ರಿಯ ಬೆವರಿದೆ. ಆ ಮಕ್ಕಳಿಗೆ ಅವರ ಹೆಸರನ್ನೂ ಹೇಳಿಕೊಡದಿರುವುದು ನನಗೆ ನಿಜಕ್ಕೂ ಸಂಕಟದ ಸಂಗತಿ. ತಮ್ಮನ್ನು ಅವರು ‘ತಿರುಳ್ಗನ್ನಡದ ತಿರುಕ’ ಎಂದು ಕರೆದುಕೊಂಡರು.

ಸರ್ವಜ್ಞನಿಂದ ಅವರು ಶರಣರತ್ತ ನಡೆದರು. ಕ್ರೈಸ್ತ ಸಭೆಯ ಸೇವೆ ಮಾಡುತ್ತಲೇ ಬಂದ ಅವರಿಗೆ ಬಸವಣ್ಣನ ಅಂಗಳ ಹೊರಗಿನದು ಅನ್ನಿಸಲಿಲ್ಲ. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಕನ್ನಡಿಗರು ಅವರನ್ನೇ ಅಧ್ಯಕ್ಷರನ್ನಾಗಿ ಕೂರಿಸಿದರು. ಅನುಭವ ಮಂಟಪವೇ ಇರಲಿಲ್ಲ ಎಂಬ ವಾದ ಎದ್ದಾಗ, ನಿವೃತ್ತಿಯ ದಿನಗಳನ್ನು ಹಡಗಲಿಯಲ್ಲಿ ಕಳೆಯುತ್ತಿದ್ದ ಈ ಹಿರಿಯರು ಆಧಾರಗಳನ್ನು ಕೂಡಿಹಾಕಿ ಉತ್ತರ ಬರೆಯಲು ಕೂತರು. ‘ಅನುಭವ ಮಂಟಪದ ಐತಿಹಾಸಿಕತೆ’ ಅಚ್ಚಾದದ್ದು 1951ರಲ್ಲಿ. ಆಗ ಅವರಿಗೆ ಎಪ್ಪತ್ತು. ಇನ್ನೂ ಹನ್ನೊಂದು ವರ್ಷ ಬದುಕಿದರು, ವಚನಗಳ ಸಂಪಾದನೆಯನ್ನು ಬಿಡಲಿಲ್ಲ.